ಮಿಡತೆಯ ಹಿಮ್ಮಡಿ

ನನ್ನ ನಾದಿನಿಯನ್ನು ಮೈದಾನದಲ್ಲಿ ಎಲ್ಲರೂ ಮಿಡತೆ ಎಂದೇ ಕರೆಯುತ್ತಿದ್ದರು. ಎತ್ತರ ಜಿಗಿತದಲ್ಲಿ ಆರು ವರ್ಷ ಅವಳನ್ನು ಮೀರಿಸಿದವರಿರಲಿಲ್ಲ. ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಒಮ್ಮೆ ಹಿಮ್ಮಡಿ ಊದಿಕೊಂಡಾಗ, ತರಬೇತುದಾರರು "ಒಂದು ಇಂಜೆಕ್ಷನ್ ಸಾಕು, ಸರಿಹೋಗತ್ತೆ" ಎಂದರು. ಚುಚ್ಚಿಸಿದ ಮೇಲೆ ನೋವೇನೋ ಹೋಯಿತು, ಒಳಗಿನ ಗಾಯ ಹಾಗೇ ಇತ್ತು. ಅವಳು ಓಡಿಬಂದು ನೆಲವನ್ನು ಒದ್ದದ್ದಷ್ಟೇ, ಹಿಮ್ಮಡಿಯ ನರ ಕಿತ್ತುಹೋಯಿತು. ಆ ಸದ್ದು ಮೈದಾನದಂಚಿನ ಮೆಟ್ಟಿಲ ಮೇಲೆ ಕೂತಿದ್ದ ನನಗೂ ಕೇಳಿಸಿತೆಂದು ಈಗಲೂ ಅನ್ನಿಸುತ್ತದೆ. ಅಷ್ಟು ದೂರಕ್ಕೆ ಕೇಳಿಸುವುದು ಸಾಧ್ಯವೇ ಇಲ್ಲ.

ಆಮೇಲೆ ಅವಳು ಮಾಡದ ಕೆಲಸವಿಲ್ಲ. ವಿಮೆ ಮಾರಲು ಹೋದಳು. ಕಂಡವರ ಮುಂದೆ ಸಾವಿನ ಮಾತೆತ್ತುವಾಗ ತಾನೇ ಬೆವರಿ ವಾಪಸು ಬರುತ್ತಿದ್ದಳು. ಹೆಂಗಸರಿಗೆ ಕಾರು ಕಲಿಸಿದಳು. ಕಲಿಯುವವರಿಗಿಂತ ಮೊದಲೇ ಬ್ರೇಕು ಒತ್ತಿ ಒತ್ತಿ ಒಳ್ಳೆಯ ಕಾಲೂ ನೋಯತೊಡಗಿದಾಗ ಅದನ್ನೂ ಬಿಟ್ಟಳು. ಆಗ ನಾನು ಮನೆಯಲ್ಲಿ ಚೀಲ ಹೊಲಿಯುತ್ತಿದ್ದೆ. ಒಂದು ದಿನ ತನ್ನ ಹಿಮ್ಮಡಿಗೆ ಬಿಗಿದಿದ್ದ ಎಲಾಸ್ಟಿಕ್ ಪಟ್ಟಿಯನ್ನು ಬಿಚ್ಚಿ ತಂದು ನನ್ನ ಮಷೀನಿನ ಮೇಲಿಟ್ಟಳು.

"ಅತ್ತಿಗೆ, ಇದು ತಿಂಗಳಿಗೇ ಸಡಿಲ ಆಗತ್ತೆ. ನಾವೇ ಹೊಲಿಯೋಣ್ವಾ?"

ಬಣ್ಣದಂಗಡಿಯ ಮಹಡಿಯಲ್ಲಿ ನಾಲ್ಕು ಮಷೀನು ಹಾಕಿದೆವು. ಮಂಡಿಗೆ, ಹಿಮ್ಮಡಿಗೆ ಕಟ್ಟುವ ಪಟ್ಟಿಗಳು. ಹೊಸ ಮಾದರಿ ಹೊಲಿದಾಗಲೆಲ್ಲ ಅವಳೇ ಕಟ್ಟಿಕೊಂಡು ಇಪ್ಪತ್ತು ಸಲ ಮೆಟ್ಟಿಲು ಹತ್ತಿ ಇಳಿಯುತ್ತಿದ್ದಳು. ಮೂರನೆಯ ವರ್ಷಕ್ಕೆ ನಮ್ಮ ಮುಕ್ಕಾಲು ಮಾಲನ್ನು ಕ್ರೀಡಾಸಂಘವೇ ಕೊಳ್ಳತೊಡಗಿತು.

ಒಂದು ಬುಧವಾರ ಮಧ್ಯಾಹ್ನ ಹದಿನೇಳರ ಹುಡುಗಿಯೊಬ್ಬಳು ಕುಂಟುತ್ತ ಮೆಟ್ಟಿಲು ಹತ್ತಿಬಂದಳು. ಅವಳೂ ಎತ್ತರ ಜಿಗಿತದವಳೇ.

"ಅಕ್ಕಾ, ಇನ್ನೂ ಬಿಗಿಯಾಗಿರೋ ಪಟ್ಟಿ ಇದ್ಯಾ? ಭಾನುವಾರ ಜಿಗೀಬೇಕು."

ನಾದಿನಿ ನೆಲದ ಮೇಲೆ ಕೂತು ಅವಳ ಹಿಮ್ಮಡಿಯನ್ನು ಮೆಲ್ಲಗೆ ಒತ್ತಿದಳು. ಹುಡುಗಿ ತುಟಿ ಕಚ್ಚಿದಳು.

"ಡಾಕ್ಟರಿಗೆ ತೋರಿಸಿದ್ಯಾ?"

"ಭಾನುವಾರ ಬೆಳಿಗ್ಗೆ ಇಂಜೆಕ್ಷನ್ ಕೊಡಿಸ್ತಾರಂತೆ. ಸರ್ ಹೇಳಿದಾರೆ."

ಯಾವ ಸರ್ ಎಂದು ನಾದಿನಿ ಕೇಳಿದಳು. ಅದೇ ತರಬೇತುದಾರರು. ಈಗ ಸಂಘದ ತರಬೇತುದಾರರಿಗೆಲ್ಲ ಮುಖ್ಯಸ್ಥರು.

"ನಿಂಗೆ ನಾನು ಪಟ್ಟಿ ಕೊಡಲ್ಲಮ್ಮ. ಮೊದಲು ಡಾಕ್ಟರಿಗೆ ತೋರಿಸು."

"ನಿಮ್ ಆಟ ಮುಗೀತು ಅಂತ ನನ್ನೂ ಕೂರಿಸ್ತೀರಾ?" ಎಂದು ಅತ್ತುಕೊಂಡೇ ಹುಡುಗಿ ಇಳಿದುಹೋದಳು.

ಅಂದಿನಿಂದ ನಾದಿನಿಗೆ ಅನ್ನ ಇಳಿಯಲಿಲ್ಲ. ಫೋನು ಎತ್ತುವಳು, ಇಡುವಳು. ಹೊಲಿದ ಪಟ್ಟಿಯನ್ನೇ ಬಿಚ್ಚಿ ಮತ್ತೆ ಹೊಲಿಯುವಳು. "ಅವಳ ಅಮ್ಮನಿಗೆ ಹೇಳಿಬಿಡ್ಲಾ?" ಎಂದು ಗುರುವಾರ ಕೇಳಿದಳು.

"ಸಂಘದವರನ್ನ ಎದುರು ಹಾಕ್ಕೊಂಡ್ರೆ ನಮ್ ಕಥೆ ಏನೇ? ಸುಮ್ನಿರು," ಎಂದೆ. ಹಾಗೆ ಅಂದವಳು ನಾನೇ. ಬರೆಯುವಾಗ ನಾಚಿಕೆಯಾಗುತ್ತಿದೆ, ಆದರೂ ಬರೆಯಬೇಕು.

ಶುಕ್ರವಾರ ನನಗೆ ಹೇಳದೆ ಹೋಗಿಬಂದಳು. ಹುಡುಗಿಯ ತಾಯಿ ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಕೆಲಸಕ್ಕಿದ್ದವಳು. ಮಾತು ಮುಗಿಯುವವರೆಗೂ ಕೇಳಿ, ಶನಿವಾರವೇ ಮಗಳನ್ನು ಮೂಳೆ ಡಾಕ್ಟರ ಹತ್ತಿರ ಎಳೆದೊಯ್ದಳು. ನರ ಅರ್ಧ ಹರಿದಿತ್ತು.

ಅಷ್ಟಕ್ಕೆ ಸುಮ್ಮನಾಗುತ್ತಾಳೆ ಅಂದುಕೊಂಡೆ. ಅವಳು ಸಂಘಕ್ಕೆ ಅರ್ಜಿ ಬರೆಯಲು ಕೂತಳು: ಇಂಜೆಕ್ಷನ್ ಕೊಡುವ ಮೊದಲು ಸಂಘಕ್ಕೆ ಸೇರದ ಡಾಕ್ಟರ ಪತ್ರ ಬೇಕು, ಏನು ಚುಚ್ಚುತ್ತಾರೆಂದು ಆಡುವವರಿಗೆ ಬಿಡಿಸಿ ಹೇಳಬೇಕು. ಹನ್ನೊಂದು ಜನ ಹಳೆಯ ಆಟಗಾರರ ಮನೆಯ ಮೆಟ್ಟಿಲು ಹತ್ತಿದಳು. ಸಹಿ ಹಾಕಿದವರು ನಾಲ್ವರು. ಜೊತೆಯಲ್ಲೇ ಓಡಿದ್ದ ಗೆಳತಿಯೊಬ್ಬಳು "ನನ್ ಮಗ ಅಲ್ಲೇ ಆಡ್ತಿದಾನೆ ಕಣೆ, ನನ್ನ ಬಿಟ್ಬಿಡು" ಎಂದು ಅರ್ಧ ತೆರೆದ ಬಾಗಿಲನ್ನು ಹಾಕಿಕೊಂಡಳಂತೆ.

ಅರ್ಜಿಯ ವಿಚಾರಣೆಯ ದಿನ ಸಂಘದ ಕಚೇರಿಯ ಓಣಿಯಂಥ ಹಜಾರದಲ್ಲಿ ಕೂತಿದ್ದೆವು. ತರಬೇತುದಾರರು ನಮ್ಮನ್ನು ದಾಟಿ ಹೋದವರು ತಿರುಗಿ ಬಂದರು.

"ಮಿಡತೆ, ಅವತ್ತು ನೀನೇ ಒಪ್ಪಿದ್ದೆ ಅಲ್ವೇನಮ್ಮ?"

ಅವಳು ಎದ್ದು ನಿಂತಳು. ಈಗಲೂ ಅವರೆದುರು ಕೂತು ಮಾತಾಡಲಾರಳು. "ಒಪ್ಪಿದ್ದೆ ಸರ್. ಏನಕ್ಕೆ ಒಪ್ತಿದೀನಿ ಅಂತ ಯಾರೂ ಹೇಳಿರ್ಲಿಲ್ಲ."

ಒಳಗೆ ಅಧ್ಯಕ್ಷರ ಮುಂದೆ ನಿಂತು, ಬರೆದು ತಂದಿದ್ದ ಕಾಗದ ಬಿಚ್ಚಿದಳು. ಮೊದಲ ಸಾಲನ್ನೇ ಎರಡು ಸಲ ಓದಿದಳು, ಮುಂದೆ ಓದಲಾಗಲಿಲ್ಲ. ಅಧ್ಯಕ್ಷರು ಗಡಿಯಾರ ನೋಡಿದರು. ಅವಳು ಕಾಗದ ಮಡಚಿಟ್ಟು, ಮೇಜು ಹಿಡಿದು, ನರ ಕಿತ್ತಿದ್ದ ಬಲಗಾಲೊಂದರ ಮೇಲೆ ನಿಂತು ಹಿಮ್ಮಡಿ ಎತ್ತಲು ನೋಡಿದಳು. ಅದು ನೆಲ ಬಿಡಲಿಲ್ಲ.

"ಹದಿನಾರು ವರ್ಷ ಆಯ್ತು. ಮೇಲಿನ ಕಪಾಟಿಂದ ಡಬ್ಬ ತೆಗೀಬೇಕಂದ್ರೂ ಅತ್ತಿಗೇನೇ ಬರ್ಬೇಕು," ಎಂದಳು.

ಐದು ವಾರಕ್ಕೆ ನಿಯಮ ಬಂತು, ಆದರೆ ಹದಿನೆಂಟು ತುಂಬದವರಿಗೆ ಮಾತ್ರ. ಅದೇ ತಿಂಗಳಿಂದ ಸಂಘ ನಮ್ಮ ಮಾಲು ಕೊಳ್ಳುವುದನ್ನು ನಿಲ್ಲಿಸಿತು, ಕಾರಣ ಹೇಳಲಿಲ್ಲ. ಎರಡು ಮಷೀನಿಗೆ ಬಟ್ಟೆ ಹೊದಿಸಿದೆವು. ನಾದಿನಿ ಬೆಳಗಿನ ಹೊತ್ತು ಮತ್ತೆ ಕಾರು ಕಲಿಸಲು ಹೋದಳು. ಶಾಲೆಗಳಿಂದ ಒಂದೊಂದಾಗಿ ಕರೆ ಬಂದು ನಾವು ಉಸಿರಾಡುವಷ್ಟಾಗಲು ವರ್ಷವೇ ಹಿಡಿಯಿತು. ಆ ಹುಡುಗಿ ಮತ್ತೆ ಜಿಗಿಯುತ್ತಿದ್ದಾಳೆ. ನಾದಿನಿಯನ್ನು ಕಂಡರೆ ಇವತ್ತಿಗೂ ಮುಖ ತಿರುಗಿಸುತ್ತಾಳೆ.

ಪ್ರತಿ ಕ್ರೀಡಾಕೂಟದಲ್ಲೂ ಆಟಗಾರರ ಪರವಾಗಿ ಡಾಕ್ಟರ ಪತ್ರ ಪರಿಶೀಲಿಸಲು ಒಬ್ಬರಿರಬೇಕೆಂದೂ ನಿಯಮದಲ್ಲಿದೆ, ನಾದಿನಿಯೇ ಹೋಗುತ್ತಾಳೆ. ಹಿಂದಿನ ರಾತ್ರಿಯೇ ಆಡುವವರ ಹೆಸರು, ವಯಸ್ಸು ಮತ್ತೆ ಮತ್ತೆ ನೋಡುತ್ತಾಳೆ. ಮೊನ್ನೆ ಬೆಳಿಗ್ಗೆ ಕಾಫಿಯನ್ನೂ ಮುಟ್ಟದೆ ಹೊರಟವಳನ್ನು ತಡೆದು ಕೇಳಿದೆ, "ಈಗ ನಿಯಮ ಇದೆಯಲ್ಲೇ, ಇನ್ನೂ ಯಾಕಿಷ್ಟು ಹೆದರ್ಕೊಳ್ತೀಯಾ?"

"ಇವತ್ತು ಜಿಗಿಯೋರಲ್ಲಿ ಮೂವರಿಗೆ ಹದಿನೆಂಟು ತುಂಬಿದೆ ಅತ್ತಿಗೆ," ಎಂದು ಚಪ್ಪಲಿ ಮೆಟ್ಟಿಕೊಂಡಳು. "ಅವರ ಪತ್ರ ಕೇಳೋ ಹಕ್ಕು ನಂಗಿಲ್ಲ. ಬೇಗ ಹೋದ್ರೆ ಮಾತಾಡಿಸಿಯಾದ್ರೂ ನೋಡ್ಬೋದು."