ಗಂಡಸಿನ ಕೈಯ ಹೊಲಿಗೆ

ಆ ಹೊಲಿಗೆ ನನ್ನದು. ನನ್ನ ತಮ್ಮ ಮಲ್ಲೇಶನ ಮೊಣಕಾಲಿಗೆ ಹಾಕುವ ಬಿಳಿ ನೀಕ್ಯಾಪಿನ ಒಳಮಡಿಕೆಯಲ್ಲಿ ಭಂಡಾರದ ಪೊಟ್ಟಣ ಇಟ್ಟು ಹೊಲಿದವಳು ನಾನು — ಅವನ ಗೆಳೆಯ ದತ್ತು ಅಲ್ಲ. ದತ್ತುವಿನ ಕಬಡ್ಡಿ ಹೋದದ್ದು, ಹೆಸರು ಹೋದದ್ದು ನನ್ನಿಂದ. ಅಂದೇ ಹೇಳಬಹುದಿತ್ತು. ಹೇಳಲಿಲ್ಲ. ಹೇಳದೆ ಇದ್ದದ್ದು ಮಾತ್ರವಾಗಿದ್ದರೆ — ಅಷ್ಟೇ ಅಲ್ಲ, ಸುಳ್ಳನ್ನೂ ಹೇಳಿದೆ. ಆ ಮಾತಿಗೆ ಬರುತ್ತೇನೆ.

ನಾವು ವಿಜಯಪುರ ಕಡೆಯವರು. ಘಾಟ್ಕೋಪರ್ ಸ್ಟೇಶನ್ನಿನಿಂದ ಸ್ವಲ್ಪ ಒಳಗೆ, ಹಳೆಯ ಬಿಲ್ಡಿಂಗಿನ ಮೇಲಿನ ಮಾಳಿಗೆಯಲ್ಲಿ ನಮ್ಮ ಮನೆ. ನನ್ನವರು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಾರೆ. ನಾನು ಮನೆಯಲ್ಲೇ ಸೀರೆಗೆ ಫಾಲ್ ಹಚ್ಚುತ್ತೇನೆ, ಬ್ಲೌಸ್ ಹೊಲಿಯುತ್ತೇನೆ. ಅವ್ವ ತೀರಿಕೊಂಡಾಗ ಮಲ್ಲು ಇನ್ನೂ ಶಾಲೆಯ ಹುಡುಗ. ಕರೆದುಕೊಂಡು ಬಂದು ಇಲ್ಲೇ ಇಟ್ಟುಕೊಂಡೆ. ನಮಗೆ ಮಕ್ಕಳಿಲ್ಲ. ಮನೆದೇವರು ಮೈಲಾರಲಿಂಗ, ತಮ್ಮನ ಹೆಸರೂ ಆ ದೇವರದೇ. ದೇವರ ಹಲಗೆಯ ಮೇಲೆ ಹಿತ್ತಾಳೆ ಬಟ್ಟಲಲ್ಲಿ ಯಾವಾಗಲೂ ಭಂಡಾರ ಇರುತ್ತದೆ — ದೇವರ ಪ್ರಸಾದದ ಅರಿಸಿನ ಪುಡಿ. ಬೆಳಿಗ್ಗೆ ಹಾಲಿನ ಪ್ಯಾಕೆಟ್ ಒಳಗೆ ತೆಗೆದುಕೊಂಡು, ಸ್ನಾನ ಮುಗಿಸಿ, ಹಣೆಗೆ ಅದನ್ನು ಹಚ್ಚಿಕೊಂಡ ಮೇಲೆಯೇ ನನಗೆ ದಿನ ಶುರು.

ಮಲ್ಲು ಓಣಿಯ ಮಣ್ಣಿನ ಅಂಗಳದಲ್ಲಿ ಕಬಡ್ಡಿ ಆಡುತ್ತ, ಕಂಪನಿಯೊಂದರ ತಂಡಕ್ಕೆ ಹೋಗಿ, ಅಲ್ಲಿಂದ ಟಿವಿಯಲ್ಲಿ ಬರುವ ಲೀಗಿಗೆ ಹೋದ. ಆಟಕ್ಕೆ ಮೊದಲು ಎಲ್ಲರೂ ಮಾರುತಿಯ ಪಟದೆದುರು ಕಾಯಿ ಒಡೆಯುತ್ತಾರೆ, ನೆಲ ಮುಟ್ಟಿ ಹಣೆಗೆ ಒತ್ತಿಕೊಳ್ಳುತ್ತಾರೆ. ಮಲ್ಲು ಮಾತ್ರ ಕೈಕಟ್ಟಿ ಪಕ್ಕದಲ್ಲಿ ನಿಲ್ಲುತ್ತಿದ್ದ. ಜಗಳವಿಲ್ಲ, ತಮಾಷೆಯಿಲ್ಲ. ಒಡೆದ ಕಾಯಿಯನ್ನು ಮಾತ್ರ ಎಲ್ಲರಿಗಿಂತ ಹೆಚ್ಚು ತಿನ್ನುತ್ತಿದ್ದ. ಪ್ರಸಾದ ಹೇಗೆ ತಿಂದೆಯೋ ಎಂದು ಕೇಳಿದರೆ, "ಪ್ರಸಾದ ನಿಮಗ, ನನಗ ಬರೇ ಕೊಬ್ಬರಿ" ಅನ್ನುತ್ತಿದ್ದ.

ದತ್ತು ತಂಡದ ರೂಮಿನಲ್ಲಿ ಅವನ ಜೊತೆಗಾರ, ಸಾತಾರಾ ಕಡೆಯ ಮರಾಠಿ ಹುಡುಗ. ಅವನಿಗೆ ಖಂಡೋಬಾ ಅಂದರೆ ಪ್ರಾಣ. ನಮ್ಮ ಮೈಲಾರನೇ ಅವರ ಖಂಡೋಬಾ. ಎರಡಕ್ಕೂ ಅದೇ ಹಳದಿ. ಕಿಟ್ ಬ್ಯಾಗಿನಲ್ಲಿ ಒಂದು ಡಬ್ಬಿ ಭಂಡಾರ ಇಟ್ಟುಕೊಂಡೇ ಇರುತ್ತಿದ್ದ, ಪ್ರತಿ ಆಟಕ್ಕೂ ಹಣೆ ತುಂಬ ಹಚ್ಚಿಕೊಂಡೇ ಇಳಿಯುತ್ತಿದ್ದ. ರಜೆಯ ದಿನ ಇಬ್ಬರೂ ಊಟಕ್ಕೆ ಬರುತ್ತಿದ್ದರು. ಮಲ್ಲುವಿನಿಂದ ಕನ್ನಡ ಕಲಿತಿದ್ದ ದತ್ತು ನನ್ನನ್ನು ಅಕ್ಕಾ ಎಂದೇ ಕರೆಯುತ್ತಿದ್ದ. "ಅಕ್ಕಾ, ಅಜೂನ್ ಏಕ್ ರೊಟ್ಟಿ!" ಎಂದು ತಾಟು ಮುಂದೆ ಹಿಡಿಯುತ್ತಿದ್ದ.

"ಮಲ್ಯಾ, ಸ್ವಲ್ಪ ಹಚ್ಚಿಕೊ. ರೇಡಿಗೆ ಹೋದರೆ ಹಿಡಿಯೋರೇ ಇಲ್ಲ."

"ಹೋದ ವಾರ ಹಚ್ಕೊಂಡು ಹೋಗಿ ನಾಕ್ ಸಲ ಸಿಕ್ಕೊಂಡಿ. ನಿನ್ನ ಹಳದಿ ನಿನಗಿರ್ಲಪ್ಪ, ನನಗ ಅಕ್ಕನ ಶೇಂಗಾ ಚಟ್ನಿ ಸಾಕು."

ಇಬ್ಬರೂ ನಗುತ್ತಿದ್ದರು. ನಂಬುವವನಿಗೂ ನಂಬದವನಿಗೂ ನಡುವೆ ಇಷ್ಟು ಹಗುರವಾದ ಮಾತು ಸಾಧ್ಯ ಎಂದು ನಾನು ಆಗ ಗಮನಿಸಿರಲಿಲ್ಲ. ಈಗ — ಆ ಊಟದ ಸದ್ದೇ ಇಲ್ಲದ ಮನೆಯಲ್ಲಿ ಕೂತು — ಗಮನಿಸುತ್ತೇನೆ.

ಒಂದು ವರ್ಷ ಮಲ್ಲುವಿನ ಮೊಣಕಾಲು ತಿರುಚಿಕೊಂಡು, ಆಪರೇಶನ್ ಆಗಿ, ತಿಂಗಳುಗಟ್ಟಲೆ ನಮ್ಮ ಮಂಚದ ಮೇಲೆ ಕಾಲು ಚಾಚಿ ಮಲಗಿದ. ಮರಳಿ ಆಡಿದ ಮೊದಲ ಪಂದ್ಯದಲ್ಲೇ ತಂಡವನ್ನು ಗೆಲ್ಲಿಸಿದ. ಟಿವಿಯ ಮೈಕ್ ಹಿಡಿದವರು ಹಿಂದಿಯಲ್ಲಿ ಕೇಳಿದರು: ಮೇಲಿನವನ ದಯೆಯಿಂದ ಮರಳಿ ಬಂದಿರಿ, ಅಲ್ಲವೇ? ಮಲ್ಲು ಬೆವರು ಒರೆಸಿಕೊಂಡು ಹೇಳಿದ್ದು ಇಷ್ಟು: "ನಾನು ದೇವರನ್ನು ನಂಬೋದಿಲ್ಲ. ಕಾಲು ಸರಿಮಾಡಿದ್ದು ಡಾಕ್ಟರು. ಎಬ್ಬಿಸಿ ನಿಲ್ಲಿಸಿದ್ದು ನಮ್ಮಕ್ಕ. ಥ್ಯಾಂಕ್ಸ್ ಹೇಳೋದಿದ್ದರೆ ಅಕ್ಕನಿಗೆ."

ದೇವರು ಇರಬೇಕಾದ ಜಾಗದಲ್ಲಿ ನನ್ನನ್ನು ಇಟ್ಟುಬಿಟ್ಟ. ಊರೆಲ್ಲ ಕೇಳುವಂತೆ.

ಮರುದಿನ ಮೆಟ್ಟಿಲ ಮೇಲೆ ಕೆಳಗಿನ ಮನೆಯ ಸರೋಜಾಬಾಯಿ ಅಡ್ಡ ನಿಂತರು. "ಏನ್ರೀ, ಇನ್ಮ್ಯಾಲ ನಿಮ್ಮನಿಗೆ ಬರಬೇಕಾದ್ರ ಕಾಯಿ-ಕರ್ಪೂರ ತರಬೇಕೇನು? ದೇವರಾಗೀರಂತಲ್ಲ!" ಅಲ್ಲಿದ್ದವರೆಲ್ಲ ನಕ್ಕರು. ನಾನೂ ನಗಲು ನೋಡಿದೆ, ಆಗಲಿಲ್ಲ. ಮಲ್ಲುವಿನ ಮಾತಿನ ಆ ವಿಡಿಯೊ ತುಣುಕು ಮೊಬೈಲಿನಿಂದ ಮೊಬೈಲಿಗೆ ಹೋಯಿತು. ಅದರ ಕೆಳಗೆ ಜನ ಬರೆದದ್ದನ್ನು ನನ್ನವರು ಬೇಡವೆಂದರೂ ಓದಿದೆ. ಬೈಗುಳ ಇರಲಿ — ಆ ಕಾಲು ಮತ್ತೆ ಮುರಿಯಲಿ ಎಂದು ಬರೆದಿದ್ದರು. ಒಬ್ಬರಲ್ಲ. ನಾನು ಎಣ್ಣೆ ಹಚ್ಚಿ ನೀವಿದ ಕಾಲು ಅದು.

ಮಲ್ಲುವಿಗೆ ಹೇಳಿದೆ: "ಒಂದ್ಸಲ, ಬರೇ ಒಂದ್ಸಲ ಮ್ಯಾಟ್ ಮುಟ್ಟಿ ಹಣಿಗೆ ಹಚ್ಕೊಳ್ಳೋ. ಮಂದಿ ಬಾಯಿ ಮುಚ್ಚತೈತಿ."

ಅವನು ನಿಧಾನವಾಗಿ ಹೇಳಿದ: "ಯಕ್ಕಾ, ಎದುರಿನವನ್ನ ಮುಟ್ಟದ ಮುಟ್ಟೀನಿ ಅಂತ ಕೈ ಎತ್ತೋ ಆಟಗಾರ ಇರ್ತಾನಲ್ಲ, ಹಂಗ ಆಕೈತಿ ಅದು. ನಾ ಹಂಗ ಯಾವತ್ತೂ ಆಡಿಲ್ಲ."

ಆ ಮಾತು ನನಗೆ ಅರ್ಥವಾಯಿತು. ಅರ್ಥವಾಗಿಯೂ, ಆ ಕಾಲನ್ನು ದೇವರು ಕಾಯಲಿ ಎಂದು, ಮಾಡಿದೆ.

ನೀಕ್ಯಾಪಿನ ಎಲಾಸ್ಟಿಕ್ ಸಡಿಲವಾಗಿದೆ ಎಂದು ಅವನೇ ತಂದುಕೊಟ್ಟಿದ್ದ. ಎಲಾಸ್ಟಿಕ್ ಬದಲಿಸಿದೆ. ಆಮೇಲೆ ಬಾಗಿಲ ಚಿಲಕ ಹಾಕಿ ಬಂದೆ. ಕಾಲಿಗೆ ಭಂಡಾರ ತಾಗಬಾರದು ಎಂದು ಗೊತ್ತು. ತಪ್ಪಾಯಿತು ಎಂದು ದೇವರ ಮುಂದೆ ಗಲ್ಲ ಬಡಿದುಕೊಂಡೆ. ಪ್ಲಾಸ್ಟಿಕ್ಕಿನಲ್ಲಿ ಕಟ್ಟಬಹುದಿತ್ತು — ಆದರೆ ಕಾಲು ಮಡಚಿದಾಗ ಪರಪರ ಸದ್ದು ಬಂದರೆ ತಮ್ಮನಿಗೆ ತಿಳಿಯುತ್ತದೆ ಎಂದು ತೆಳು ಮಲ್ಮಲ್ ಬಟ್ಟೆಯ ತುಂಡಿನಲ್ಲಿ ಒಂದು ಚಿಟಿಕೆ ಕಟ್ಟಿದೆ. ಮಷಿನ್ನಿನಲ್ಲಿ ಹಾಕಿದರೆ ಬಟ್ಟೆ ಸುಕ್ಕುಗಟ್ಟುತ್ತದೆ, ಅದಕ್ಕೆ ಕೈಯಿಂದಲೇ ಹೊಲಿದೆ. ಸೂಜಿಯನ್ನು ಕೂದಲೆಳೆಯಷ್ಟು ಹಿಂದಕ್ಕೆ ಚುಚ್ಚಿ ಮುಂದಕ್ಕೆ ಎಳೆಯುವ, ಅವ್ವ ಕಲಿಸಿದ ಹೊಲಿಗೆ. ಕೊನೆಯಲ್ಲಿ ಗಂಟು ಹಾಕದೆ ದಾರವನ್ನು ಅದರ ಮೇಲೆಯೇ ಸುತ್ತಿ ಹಲ್ಲಿನಿಂದ ಕಡಿಯುವುದು. ಅವ್ವ ಹಾಗೆ ಮಾಡುತ್ತಿದ್ದಳು. ನಾನೂ ಹಾಗೆಯೇ.

ಮುಂದಿನ ಪಂದ್ಯವನ್ನು ನಾನೂ ನನ್ನವರೂ ಟಿವಿಯಲ್ಲಿ ನೋಡುತ್ತಿದ್ದೆವು. ಬಿಡುವಿನ ನಂತರ ಮಲ್ಲು ರೇಡಿಗೆ ಹೋದಾಗ ಬಿಳಿ ನೀಕ್ಯಾಪಿನ ಮೇಲೆ ಒಂದು ಹಳದಿ ಚುಕ್ಕೆ ಕಂಡಿತು. ಬೆವರಿಗೆ ಅದು ಹರಡಿತು. ಹಿಡಿದವನ ಅಂಗೈಯೂ ಹಳದಿಯಾಯಿತು. ಎದುರಾಳಿ ಕ್ಯಾಪ್ಟನ್ ಆ ಕೈ ಎತ್ತಿ ರೆಫರಿಗೆ ತೋರಿಸಿದ — ಜಾರಲೆಂದು ಏನೋ ಪುಡಿ ಹಚ್ಚಿಕೊಂಡು ಬಂದಿದ್ದಾನೆ ಎಂದು. ಮೈಗೆ ಜಾರುವಂಥದ್ದು ಏನನ್ನೂ ಹಚ್ಚುವ ಹಾಗಿಲ್ಲ, ಅದು ನಿಯಮ. ನೀಕ್ಯಾಪ್ ಬಿಚ್ಚಿಸಿದರು, ಮಡಿಕೆ ಹರಿದರು. ಒದ್ದೆ ಪೊಟ್ಟಣ ಮ್ಯಾಟಿನ ಮೇಲೆ ಬಿತ್ತು. ಅದನ್ನು ದೊಡ್ಡ ಪರದೆಯ ಮೇಲೆ ಮತ್ತೆ ಮತ್ತೆ, ನಿಧಾನವಾಗಿ ತೋರಿಸಿದರು. ವಿವರಣೆ ಹೇಳುವವರು ನಗುತ್ತಿದ್ದರು: ಬಾಯಲ್ಲಿ ಇಲ್ಲದ ದೇವರು ಮೊಣಕಾಲಲ್ಲಿ ಸಿಕ್ಕ! ಮಲ್ಲು ಆ ಪೊಟ್ಟಣವನ್ನೇ ನೋಡುತ್ತ ನಿಂತಿದ್ದ, ತನ್ನದಲ್ಲದ ಕಾಲನ್ನು ನೋಡುವವನ ಹಾಗೆ.

ನನ್ನವರು "ಇದೇನಿದು?" ಎಂದರು. ನಾನು ಎದ್ದು ಅಡುಗೆಮನೆಗೆ ಹೋಗಿ, ಆರಿದ್ದ ಗ್ಯಾಸನ್ನೇ ಮತ್ತೊಮ್ಮೆ ಆರಿಸಿದೆ.

ಮರುದಿನ ಮಧ್ಯಾಹ್ನ ಮಲ್ಲು ಬಂದ. ನಾನು ರೊಟ್ಟಿ ಬಡಿಯುತ್ತಿದ್ದೆ. ನೀಕ್ಯಾಪನ್ನು ನನ್ನ ಮುಂದೆ ಇಟ್ಟ.

"ಯಕ್ಕಾ, ಹೊಲಗಿ ನೋಡಿ ಯಾರ ಕೈಯಂತ ಹೇಳಾಕಿ ನೀ. ಇದನ್ನ ನೋಡು. ನೀ ಕೊಟ್ಟ ಮ್ಯಾಲ ಇದು ನಮ್ಮ ರೂಮಿನಾಗ ಇತ್ತು. ದತ್ತು ತಾ ಅಲ್ಲ ಅಂತಾನ. ಮ್ಯಾನೇಜರು ನಿಮ್ಮಕ್ಕನ ಕೆಲಸ ಇರಬೇಕು ಅಂದ. ಅವನ ಮ್ಯಾಲ ಏರಿ ಹೋದೆ ನಾ. ನಮ್ಮಕ್ಕ ನನಗ ಹಿಂಗ ಮಾಡಾಕಿ ಅಲ್ಲ ಅಂದೆ."

ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು ನೀಕ್ಯಾಪ್ ಎತ್ತಿಕೊಂಡೆ. ಹರಿದ ಮಡಿಕೆಯ ಒಂದು ತುದಿ ಹಾಗೆಯೇ ಉಳಿದಿತ್ತು — ಸುತ್ತಿದ ದಾರ, ಹಲ್ಲಿನಿಂದ ಕಡಿದ ತುದಿ. ಅವ್ವನ ಹೊಲಿಗೆ. ನಾನು ಆಗ ಒಂದೇ ಒಂದು ಮಾತು ಹೇಳಬೇಕಿತ್ತು. ತಮ್ಮ ಎದುರಿಗೇ ಕೂತಿದ್ದ, ಬಾಗಿಲು ಹಾಕಿತ್ತು, ಕೇಳುವವರು ಬೇರೆ ಯಾರೂ ಇರಲಿಲ್ಲ. ಆದರೆ ಅವನು "ನಮ್ಮಕ್ಕ ಹಿಂಗ ಮಾಡಾಕಿ ಅಲ್ಲ" ಅಂದುಬಿಟ್ಟಿದ್ದ. ಆ ಮಾತಿನಿಂದ ಕೆಳಗೆ ಇಳಿಯಲು ನನಗೆ —

"ಗಂಡಸಿನ ಕೈ ಹೊಲಗಿ ಇದು" ಎಂದೆ.

ದತ್ತು ತನ್ನ ಬಟ್ಟೆಯ ಹರಕು ತಾನೇ ಹೊಲಿದುಕೊಳ್ಳುತ್ತಿದ್ದ. ಇಬ್ಬರಿಗೂ ಅದು ಗೊತ್ತಿತ್ತು.

ಮಲ್ಲು ನೀಕ್ಯಾಪನ್ನು ನನ್ನ ಕೈಯಿಂದ ತೆಗೆದು ಕೆಳಗಿಟ್ಟ. "ಅಂದ್ರ ದತ್ತೂನ" ಎಂದ. ನಾನು ಹೌದು ಎನ್ನಲಿಲ್ಲ. ಅಲ್ಲ ಎನ್ನಲೂ ಇಲ್ಲ. ಹಂಚಿನ ಮೇಲಿನ ರೊಟ್ಟಿ ಹೊತ್ತಿತ್ತು, ಅದನ್ನು ತಿರುವಿ ಹಾಕಿದೆ. ನೀಕ್ಯಾಪನ್ನು ಅಲ್ಲೇ ಬಿಟ್ಟು, ಊಟ ಮಾಡದೆ ಹೋದ.

ಜೊತೆಯವನ ಕಿಟ್ಟಿಗೆ ಕೈ ಹಾಕಿ ಅವನನ್ನೂ ತಂಡವನ್ನೂ ನಗೆಪಾಟಲು ಮಾಡಿದ ಎಂದು ದತ್ತುವನ್ನು ಸೀಸನ್ನಿನ ನಡುವೆಯೇ ತಂಡದಿಂದ ಹೊರಗೆ ಕಳಿಸಿದರು. ಮುಂದಿನ ವರ್ಷ ಬೇರೆ ಯಾವ ತಂಡವೂ ಕರೆಯಲಿಲ್ಲ. ಹೋಗುವ ಮೊದಲು ಒಮ್ಮೆ ಮನೆಗೆ ಬಂದಿದ್ದ. ಬಾಗಿಲಲ್ಲೇ ನಿಂತು, "ಅಕ್ಕಾ, ಖಂಡೋಬಾನ ಆಣೆ, ನಾನಲ್ಲ. ನಿಮ್ಮ ಮಾತು ಮಲ್ಯಾ ಕೇಳ್ತಾನೆ. ನೀವೊಂದು ಮಾತು ಹೇಳಿ" ಎಂದ. ಹೇಳುತ್ತ ಹೇಳುತ್ತ ಅವನ ಕಣ್ಣು ದೇವರ ಹಲಗೆಯ ಕಡೆಗೆ ಹೋಯಿತು, ಹಿತ್ತಾಳೆ ಬಟ್ಟಲಿನ ಮೇಲೆ ನಿಂತಿತು. ಆಮೇಲೆ ನನ್ನ ಮುಖ ನೋಡಿದ. "ಚಹಾ ಮಾಡ್ತೀನಿ, ಕೂಡು" ಎಂದೆ. "ನಕೋ ಅಕ್ಕಾ" ಎಂದು ಮೆಟ್ಟಿಲು ಇಳಿದುಹೋದ.

ಅವನಿಗೆ ತಿಳಿಯಿತೋ ಇಲ್ಲವೋ ಎಂದು ವರ್ಷಗಟ್ಟಲೆ ಯೋಚಿಸಿದೆ. ಫಾಲ್ ಹಚ್ಚುವಾಗ, ಕುಕ್ಕರ್ ಕೂಗುವಾಗ, ತರಕಾರಿ ಆರಿಸುವಾಗ. ಹೇಳಬೇಕೇ ಬೇಡವೇ ಎಂದು ಯೋಚಿಸಿದ್ದಕ್ಕಿಂತ ಅದನ್ನೇ ಹೆಚ್ಚು ಯೋಚಿಸಿದೆ. ಅದೂ ನನ್ನ ತಪ್ಪೇ.

ಮಲ್ಲು ಈಗಲೂ ಆಡುತ್ತಾನೆ. ಆ ಗಲಾಟೆಯ ನಂತರ ತಂಡದವರು ಅವನನ್ನು ಕೂರಿಸಿ ಏನು ಹೇಳಿದರೋ ತಿಳಿಯದು. ಈಗ ಪ್ರತಿ ಪಂದ್ಯಕ್ಕೂ ಬಾಗಿ, ಮ್ಯಾಟ್ ಮುಟ್ಟಿ, ಹಣೆಗೆ ಒತ್ತಿಕೊಳ್ಳುತ್ತಾನೆ. ಸರೋಜಾಬಾಯಿ, "ಬುದ್ಧಿ ಬಂತು ನೋಡ್ರಿ ನಿಮ್ಮ ತಮ್ಮಗ" ಎನ್ನುತ್ತಾರೆ. ನಾನು ಅವನ ಕಣ್ಣು ನೋಡುತ್ತೇನೆ. ಮುಟ್ಟದೆ ಮುಟ್ಟಿದೆನೆಂದು ಕೈ ಎತ್ತುತ್ತಿದ್ದಾನೆ. ರೂಮಿನಲ್ಲಿ ಒಬ್ಬನೇ ಇರುತ್ತಾನಂತೆ. ಕಿಟ್ ಬ್ಯಾಗಿಗೆ ಬೀಗ ಹಾಕುತ್ತಾನೆ. ಮನೆಗೆ ಬಂದರೆ ನನ್ನನ್ನು ಮಾತ್ರ ನಂಬುತ್ತಾನೆ — ನನ್ನನ್ನು.

ಹೋದ ತಿಂಗಳು ದಹಿಸರ್‌ನಲ್ಲಿ ಒಬ್ಬರಿಗೆ ಮದುವೆ ಬ್ಲೌಸುಗಳನ್ನು ಕೊಡಲು ಹೋಗಿದ್ದೆ. ಬಿಲ್ಡಿಂಗಿನ ಗೇಟಿನಲ್ಲಿ ನೀಲಿ ಯೂನಿಫಾರ್ಮಿನ ವಾಚ್‌ಮನ್ ಎದ್ದು ನಿಂತ. ದತ್ತು. ಹೊಟ್ಟೆ ಬಂದಿತ್ತು. ಹಣೆ ಬರಿದಾಗಿತ್ತು.

"ಅಕ್ಕಾ! ತುಮೀ ಇಕಡೇ?"

ನಾನು ಬೇರೆ ಏನಾದರೂ ಕೇಳಬಹುದಿತ್ತು. ಬಾಯಿಗೆ ಬಂದದ್ದು ಇದು: "ಭಂಡಾರ ಯಾಕ ಹಚ್ಚಿಲ್ಲೋ?"

ಹಣೆ ಮುಟ್ಟಿಕೊಂಡ. "ಬಿಟ್ಟೆ. ಹಚ್ಚಿದರೆ ಊರಲ್ಲಿ ಕೇಳ್ತಾರೆ — ಇವತ್ತು ಯಾರ ಮೊಣಕಾಲಿಗೆ ಅಂತ."

ಅಲ್ಲೇ, ಗೇಟಿನಲ್ಲಿ, ಬ್ಲೌಸಿನ ಚೀಲ ಎದೆಗೆ ಅವುಚಿಕೊಂಡು, ಹೊಲಿದವಳು ನಾನೇ ಎಂದು ಹೇಳಿದೆ. ನಡುವೆ ಒಂದು ಕಾರು ಬಂತು. ದತ್ತು ಹೋಗಿ ಗೇಟು ತೆರೆದು, ಸಲಾಮು ಹೊಡೆದು, ಮುಚ್ಚಿ ಬಂದ. ಉಳಿದದ್ದನ್ನು ಹೇಳಿ ಮುಗಿಸಿದೆ.

"ಗೊತ್ತಿತ್ತು ಅಕ್ಕಾ" ಎಂದ. "ಅವತ್ತೇ. ಬಟ್ಟಲು ನೋಡಿದೆನಲ್ಲ. ಅಕ್ಕ ಹೇಳ್ತಾಳೆ, ಇವತ್ತಿಲ್ಲಾಂದ್ರೆ ನಾಳೆ ಹೇಳ್ತಾಳೆ ಅಂದ್ಕೊಂಡೆ. ಆ ಸೀಜನ್ ಹೋಯ್ತು. ಮುಂದಿನದೂ ಹೋಯ್ತು."

ನಾನು ಅವನ ಕಾಲಿಗೆ ಬಾಗಲು ಹೋದೆ. ಹಿಂದೆ ಸರಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಏನೂ ಇರಲಿಲ್ಲ. "ನನಗ್ಯಾಕೆ ಹೇಳ್ತೀರಿ? ನನಗೆ ಗೊತ್ತೇ ಇದೆ. ಅವನಿಗೆ ಹೇಳಿ." ಮತ್ತೆ ಹಾರ್ನ್ ಕೇಳಿಸಿತು, ಗೇಟಿನ ಕಡೆ ಹೋದ. ತಿರುಗಿ ಬರಲಿಲ್ಲ.

ಭಯದಿಂದ ಮಾಡಿದೆ ಎನ್ನಬಹುದು, ಪ್ರೀತಿಯಿಂದ ಎನ್ನಬಹುದು. ಹೊಲಿದದ್ದಕ್ಕೆ ಆ ಮಾತುಗಳು ಸಾಕಾಗಬಹುದು. "ಗಂಡಸಿನ ಕೈ" ಎಂದದ್ದಕ್ಕೆ ಸಾಕಾಗುವುದಿಲ್ಲ. ಅದನ್ನು ನಾನು ನನಗಾಗಿ ಹೇಳಿದೆ — ಟಿವಿಯಲ್ಲಿ ಮಲ್ಲು ಕೊಟ್ಟ ಜಾಗ ಬಿಟ್ಟು ಇಳಿಯಲಾರದೆ.

ಇವತ್ತು ಭಾನುವಾರ. ಮಲ್ಲು ಊಟಕ್ಕೆ ಬರುತ್ತಾನೆ. ನಾನು ಬರೆದಿರುವ ಇದು ಪತ್ರಿಕೆಯಲ್ಲಿ ಅಚ್ಚಾಗಿ ನಿಮ್ಮ ಕೈ ಸೇರುವ ಮೊದಲು ಅವನಿಗೆ ತಿಳಿದಿರಬೇಕು. ಬಾಯಿಂದ ಹೇಳಲು ಹೋದರೆ ಮತ್ತೆ ಎಲ್ಲಿ ತಪ್ಪಿಸಿಕೊಳ್ಳುತ್ತೇನೋ — ನನ್ನ ಬಾಯಿಯ ಮೇಲೆ ನನಗೆ ನಂಬಿಕೆಯಿಲ್ಲ. ಅಂದು ಅವನು ಬಿಟ್ಟುಹೋದ ನೀಕ್ಯಾಪನ್ನು ಟ್ರಂಕಿನಿಂದ ತೆಗೆದು ಮಷಿನ್ನಿನ ಮೇಲೆ ಇಟ್ಟಿದ್ದೇನೆ. ಹಳದಿ ಇನ್ನೂ ಹೋಗಿಲ್ಲ. ಪಕ್ಕದಲ್ಲಿ ಬಿಳಿ ದಾರ ಪೋಣಿಸಿದ ಸೂಜಿ. ಅವನು ಬಂದು ಕೂತ ಮೇಲೆ, ಹರಿದ ಮಡಿಕೆಯನ್ನು ಅವನ ಕಣ್ಣೆದುರೇ ಹೊಲಿಯುತ್ತೇನೆ. ಸೂಜಿ ಹಿಂದಕ್ಕೆ ಚುಚ್ಚಿ ಮುಂದಕ್ಕೆ, ತುದಿಯಲ್ಲಿ ದಾರ ಸುತ್ತಿ, ಹಲ್ಲಿನಿಂದ ಕಡಿದು, ಹಳೆಯ ತುದಿಯ ಪಕ್ಕದಲ್ಲೇ ಹೊಸದನ್ನು ಹಿಡಿದು ಅವನ ಕೈಗೆ ಕೊಡುತ್ತೇನೆ.

ಯಾರ ಕೈ ಎಂದು ಈ ಸಲ ಅವನೇ ಹೇಳಲಿ.