ಪಾರವ್ವನ ಕೈ

ಕುಷ್ಟಗಿಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ಹುಲಿಗೆಮ್ಮ ಟೀಚರಿಗೆ ಹಳೆಯ ಪಠ್ಯಪುಸ್ತಕಗಳನ್ನು ರದ್ದಿಗೆ ಹಾಕಲು ಮನಸ್ಸು ಬರುವುದಿಲ್ಲ. ಬಿ.ಎ. ಓದುವಾಗಿನ ಕಾದಂಬರಿಯೊಂದು ಈಗಲೂ ಅವಳ ಟ್ರಂಕಿನಲ್ಲಿದೆ. ರಟ್ಟು ಕಿತ್ತುಹೋಗಿದೆ. ನಡುವಿನ ಪುಟಗಳನ್ನು ಬಿಡಿಸಿದರೆ ಹೊಲಿಗೆಯ ಸಂದಿಯಲ್ಲಿ ಜೋಳದ ಹಿಟ್ಟಿನ ಪುಡಿ ಇನ್ನೂ ಕೂತಿದೆ. ಅಜ್ಜಿ ಮುದಕಮ್ಮ ತೀರಿಕೊಂಡು ಕೆಲವು ವರ್ಷಗಳಾದವು. ಆ ಹಿಟ್ಟನ್ನು ಮಾತ್ರ ಹುಲಿಗೆಮ್ಮ ಕೊಡವಿಲ್ಲ.

ಆಗ ಅವರ ಮನೆ ಭಾಗ್ಯನಗರದಲ್ಲಿತ್ತು. ಅಪ್ಪ ಲಕ್ಷ್ಮಣಪ್ಪನದು ಹಿಟ್ಟಿನ ಗಿರಣಿ. ಹಿತ್ತಲ ಕಡೆಯ ಒಲೆಯ ಮುಂದೆ ಅವ್ವ ಅಮರಮ್ಮ ಮತ್ತು ಅಜ್ಜಿ ಮುದಕಮ್ಮ ಕೊಪ್ಪಳದ ಒಂದು ಖಾನಾವಳಿಗೆ ರೊಟ್ಟಿ ಬಡಿದು ಕೊಡುತ್ತಿದ್ದರು. ಗಿರಣಿಯ ಸದ್ದು ನಿಂತರೆ ಓಣಿಗೆಲ್ಲ ಗೊತ್ತಾಗುತ್ತಿತ್ತು. ಒಲೆಯ ಮುಂದಿನ ಸದ್ದು ನಿಂತದ್ದು ಯಾರಿಗೂ ಗೊತ್ತಾದದ್ದಿಲ್ಲ, ಯಾಕೆಂದರೆ ಅದು ನಿಲ್ಲುತ್ತಲೇ ಇರಲಿಲ್ಲ.

ಅಜ್ಜಿ ಎಡಚಿ. ಎಡಗೈಯಲ್ಲೇ ರೊಟ್ಟಿ ಬಡಿಯುವವಳು. ಅವಳ ಅಂಗೈಯ ಕೆಳಗೆ ರೊಟ್ಟಿ ಅವ್ವನ ರೊಟ್ಟಿಗೆ ಎದುರು ದಿಕ್ಕಿನಲ್ಲಿ ತಿರುಗುತ್ತಿತ್ತು. ಚಿಕ್ಕಂದಿನಲ್ಲಿ ಬೀಸುವ ಕಲ್ಲಿನಡಿ ಸಿಕ್ಕಿ ಮುರಿದಿದ್ದ ಅವಳ ಎಡ ಕಿರುಬೆರಳು ಮಡಚುತ್ತಿರಲಿಲ್ಲ. ಉಳಿದ ಬೆರಳುಗಳು ದುಡಿಯುವಾಗ ಅದೊಂದು ಮೇಲೆ ಎದ್ದು ನಿಂತು ನೋಡುತ್ತಿತ್ತು.

ಹುಲಿಗೆಮ್ಮ ನಸುಕಿನಲ್ಲಿ ಎದ್ದು ಅಂಗಳಕ್ಕೆ ನೀರು ಹಾಕಿ, ಪಾತ್ರೆ ತೊಳೆದು, ರೊಟ್ಟಿಯ ಗಂಟನ್ನು ಖಾನಾವಳಿಗೆ ಮುಟ್ಟಿಸಿ ಆಮೇಲೆ ಕಾಲೇಜಿಗೆ ಹೋಗಬೇಕು. ಹಾಗಾಗಿಯೋ ಏನೋ, ಪುಸ್ತಕ ಓದುವಾಗ ಅವಳ ಕಣ್ಣು ಬೇರೆಯವರು ನೋಡದ ಕಡೆ ಹೋಗುತ್ತಿತ್ತು. ಮೊದಲ ವರ್ಷದ ನಾಟಕದಲ್ಲಿ ರಾಜನ ಪಟ್ಟಾಭಿಷೇಕದ ಊಟ ಒಂದೇ ಮಾತಿನಲ್ಲಿ ಮುಗಿದುಹೋದಾಗ, ‘ಅಷ್ಟು ಎಲೆ ತೆಗೆದವರು ಯಾರು?’ ಎಂದು ಪುಟದ ಅಂಚಿನಲ್ಲಿ ಬರೆದಿದ್ದಳು. ಪ್ರಬಂಧದ ಪುಸ್ತಕದಲ್ಲಿ ಒಬ್ಬ ಮಹಾಶಯ ಆರಾಮ ಕುರ್ಚಿಯಲ್ಲಿ ಒರಗಿಕೊಂಡು ಸೋಮಾರಿತನದ ಸುಖವನ್ನು ಹೊಗಳಿದ್ದ. ಹೊಗಳುತ್ತ ಹೊಗಳುತ್ತ ಅವನ ಕೈಗೆ ಚಹಾ ಬಂದಿತ್ತು. ತಂದುಕೊಟ್ಟವರು ಮಾತ್ರ ಪುಸ್ತಕದಲ್ಲೆಲ್ಲೂ ಇರಲಿಲ್ಲ.

ಗೆಳತಿ ಜರೀನಾ ಆ ಟಿಪ್ಪಣಿಗಳನ್ನು ಓದಿ ನಗುತ್ತಿದ್ದಳು. “ಏ ಹುಲಿಗಿ, ನೀ ಸಾಹಿತ್ಯ ಓದಾಕ ಬಂದೀಯೋ, ಮುಸುರಿ ತಿಕ್ಕಾಕ ಬಂದೀಯೋ?”

ಎರಡನೇ ವರ್ಷ ಕನ್ನಡದ ಮೇಡಂ ಆ ಕಾದಂಬರಿಯನ್ನು ಓದಲು ಹೇಳಿದರು. ಗಂಡ ಬಿಟ್ಟುಹೋದ ಮೇಲೆ ಮೈದುನರನ್ನು ಸಾಕಿ ಬೆಳೆಸಿ, ಕಡೆಗೆ ಮನೆ ಪಾಲಾಗುವಾಗ ಯಾರ ಪಾಲಿಗೂ ಬಾರದೆ ಉಳಿಯುವ ಪಾರವ್ವ ಎಂಬ ಹೆಂಗಸಿನ ಕಥೆ.

“ಇದರ ಸಿನಿಮಾನೂ ಐತಿ. ಶನಿವಾರ ಕಾಲೇಜ್ ಹಾಲ್‌ನ್ಯಾಗ ತೋರಸ್ತೀನಿ,” ಎಂದರು ಮೇಡಂ. “ಎರಡೂ ನೋಡಿ ನಿಮಗ ಏನ ಅನಿಸ್ತು ಅದನ್ನ ಬರೀರಿ. ಗೈಡಿನ್ಯಾಗಿಂದು ಬರದ್ರ ನನಗ ವಾಸನಿ ಬಡೀತೈತಿ.”

ಹುಲಿಗೆಮ್ಮ ಆ ಕಾದಂಬರಿಯನ್ನು ಒಲೆಯ ಪಕ್ಕದಲ್ಲೇ ಓದಿದಳು, ಅದೂ ಗಟ್ಟಿಯಾಗಿ. ಅದು ಅಜ್ಜಿಯ ಅಪ್ಪಣೆ. “ಕೈ ಅಷ್ಟ ಖಾಲಿ ಇಲ್ಲ ನನ್ನವ್ವ, ಕಿವಿ ಖಾಲಿ ಅದಾವು. ಓದು.”

‘ಪಾರವ್ವ ಎಲ್ಲರಿಗೂ ರೊಟ್ಟಿ ಮಾಡಿ ಬಡಿಸಿದಳು’ ಎಂಬಲ್ಲಿಗೆ ಬಂದಾಗ ಅಜ್ಜಿಯ ಕೈ ನಿಂತಿತು. ಹಿಟ್ಟಿನ ಕೈಯಿಂದಲೇ ಪುಟ ಮುಟ್ಟಿ ಕೇಳಿದಳು, “ಇದು ಗಂಡ ಬಿಟ್ಟಹೋದ ಪಾರವ್ವನ ಕಥಿ ಹೌದಲ್ಲೋ? ಇಕಿ ಸಿನಿಮಾ ನಮ್ಮ ಇಟಗಿಯೊಳಗ ತಗದಿದ್ರು. ಅದರಾಗ ನಾನೂ ಇದ್ದೆ.”

ಊಟಕ್ಕೆಂದು ಒಳಗೆ ಬಂದಿದ್ದ ಅಪ್ಪ ಕೈ ತೊಳೆಯುತ್ತಲೇ ಅಂದ, “ಮತ್ತ ಶುರು ಆತು ನೋಡು ನಮ್ಮ ಹೀರೋಯಿನ್ ಕಥಿ.”

ಅಜ್ಜಿ ಪುಟದಿಂದ ಕೈ ತೆಗೆದಳು. ರೊಟ್ಟಿ ಮತ್ತೆ ತಿರುಗತೊಡಗಿತು.

ಸಂಜೆ ಪಾತ್ರೆ ತೊಳೆಯುವಾಗ ಅವ್ವ ಎಲ್ಲವನ್ನೂ ಬಿಡಿಸಿ ಹೇಳಿದಳು. ಭಾಗ್ಯನಗರಕ್ಕೆ ಬರುವ ಮೊದಲು ಇದ್ದ ಇಟಗಿಯ ಮನೆಗೆ ಬೀಗರು ಬಂದರೆ ಮುದಕಮ್ಮನ ಅತ್ತೆ ಅವಳನ್ನು ಒಲೆಯ ಮುಂದಿನಿಂದ ಎಬ್ಬಿಸಿ ಮುಸುರೆ ಪಾತ್ರೆ ತಿಕ್ಕಲು ಕಳಿಸುತ್ತಿದ್ದಳಂತೆ. ಎಡಗೈ ರೊಟ್ಟಿ ಮಂದಿಯ ಕಣ್ಣಿಗೆ ಬೀಳಬಾರದು, ನೈವೇದ್ಯಕ್ಕಂತೂ ಸಲ್ಲದು. ಲಕ್ಷ್ಮಣಪ್ಪ ಸಣ್ಣವನಿದ್ದಾಗ ಸಿನಿಮಾದವರು ಮಹಾದೇವ ಗುಡಿಯ ಹತ್ತಿರ ಬಿಡಾರ ಹೂಡಿದರು. ರೊಟ್ಟಿ ಬಡಿಯುವ ಹೆಂಗಸು ಬೇಕೆಂದು ಕೇಳಿ ಮುದಕಮ್ಮನನ್ನು ಕರೆದೊಯ್ದರು. ಮರಳಿ ಬಂದವಳು, ನಾನೂ ಸಿನಿಮಾದಲ್ಲಿದ್ದೇನೆ ಎಂದು ಓಣಿಗೆಲ್ಲ ಹೇಳಿದ್ದಳು.

“ನಾ ಸೊಸಿಯಾಗಿ ಬಂದ ವರ್ಷ ಅದು ಟಿವಿಯೊಳಗ ಬಂತು,” ಎಂದಳು ಅವ್ವ. “ಓಣಿ ಮಂದಿ ಎಲ್ಲಾ ನಮ್ಮ ಪಡಸಾಲಿಯೊಳಗ ಕುಂತಿದ್ರು. ಗುಡಿ ಬಂತು, ಸಂತಿ ಬಂತು, ನೀರು ತರೋ ಹೆಂಗಸರು ಬಂದ್ರು. ಒಂದೊಂದು ಮಾರಿ ಹುಡುಕಿದ್ವಿ. ಅತ್ತಿ ಎಲ್ಲೂ ಇಲ್ಲ. ನಿಮ್ಮ ಅಜ್ಜ ಎಲ್ಲಾರ ಮುಂದ, ಎಂಥಾ ಸುಳ್ಳು ಹೇಳಿದಿಲೇ ಅಂದಬಿಟ್ಟ.”

“ಅಮ್ಮ ಏನಂದ್ಳು?” ಅಜ್ಜಿಯನ್ನು ಹುಲಿಗೆಮ್ಮ ಅಮ್ಮ ಎಂದೇ ಕರೆಯುತ್ತಿದ್ದಳು.

“ಆಕಿ ಎಲ್ಲಿದ್ಳು ಅಲ್ಲಿ? ಅಷ್ಟ ಮಂದಿಗೆ ಚಾ ಮಾಡೋರು ಯಾರು? ಒಳಗಿದ್ಳು. ಸಿನಿಮಾ ಮುಗಿದ ಮ್ಯಾಲೆ ಕಪ್ಪು ತಗೊಂಡು ಹೋಗಾಕ ಹೊರಗ ಬಂದ್ಳು.”

ಅಂದಿನಿಂದ ಮುದಕಮ್ಮನ ಮಾತಿಗೆ ಬೆಲೆ ಇಳಿಯಿತು. ಎಮ್ಮೆ ಗಬ್ಬಾಗಿದೆ ಎಂದರೂ, ಇಂಥವರು ತೀರಿಕೊಂಡರು ಎಂದರೂ, “ಇದೂ ಸಿನಿಮಾನೋ, ಖರೇನೋ?” ಎಂದು ಕೇಳುವವರಾದರು. ಗಂಡ ಹೋದ ಮೇಲೆ ಆ ಮಾತನ್ನು ಮಗ ಮುಂದುವರಿಸಿದ. ಅವನಿಗೆ ಅದು ಬರೀ ತಮಾಷೆ. ಅಜ್ಜಿ ಮಾತ್ರ ಏನು ಹೇಳುವ ಮೊದಲೂ ಒಂದು ಗಳಿಗೆ ತಡೆಯುವುದನ್ನು ಹುಲಿಗೆಮ್ಮ ಚಿಕ್ಕಂದಿನಿಂದ ನೋಡಿದ್ದಳು. ಅದು ಅವಳ ಸ್ವಭಾವ ಎಂದುಕೊಂಡಿದ್ದಳು.

ಶನಿವಾರ ಸಿನಿಮಾ ಶುರುವಾದಾಗ ಹುಲಿಗೆಮ್ಮ ಕಥೆಯನ್ನು ನೋಡಲೇ ಇಲ್ಲ. ಅವಳೂ ಮುಖಗಳನ್ನೇ ಹುಡುಕಿದಳು. ಸಂತೆಯಲ್ಲಿ ಇಲ್ಲ, ಗುಡಿಯ ಕಟ್ಟೆಯ ಮೇಲೆ ಇಲ್ಲ, ಕೊಡ ಹೊತ್ತವರಲ್ಲಿ ಇಲ್ಲ. ಅಜ್ಜನ ಮಾತೇ ನಿಜವಾದರೆ ಮನೆಗೆ ಹೋಗಿ ಒಲೆಯ ಮುಂದೆ ಹೇಗೆ ಕೂರುವುದು ಎಂದುಕೊಂಡಳು.

ಆಗ ರೊಟ್ಟಿ ಬಂತು. ಪುಸ್ತಕದಲ್ಲಿ ಒಂದೇ ವಾಕ್ಯವಾಗಿದ್ದದ್ದು ಇಲ್ಲಿ ಮುಗಿಯುತ್ತಲೇ ಇಲ್ಲ. ಪಾರವ್ವನ ಪಾತ್ರದ ನಟಿ ಬಲಗೈಯಿಂದ ಹಿಟ್ಟಿಗೆ ನೀರು ಹಾಕಿದಳು, ಹಣೆಯ ಬೆವರು ಒರೆಸಿಕೊಂಡಳು. ಮುಂದೆ ಮುಖವಿಲ್ಲ, ಬರೀ ಕೈ. ಹಿಂದಿನಿಂದ ಮೇಡಂ ಮೆಲ್ಲಗೆ ಅಂದರು, “ನೋಡ್ರಿ, ಪಾರವ್ವನ ಇಡೀ ಬಾಳುವೆ ಈ ಕೈಯಾಗ ಐತಿ.”

ಪರದೆಯ ತುಂಬ ಆ ಕೈ ಬಡಿಯುತ್ತಿತ್ತು. ಎಡಗೈ. ರೊಟ್ಟಿ ಎದುರು ದಿಕ್ಕಿನಲ್ಲಿ ತಿರುಗುತ್ತಿತ್ತು. ನಾಲ್ಕು ಬೆರಳು ಬಗ್ಗಿ ಏಳುವಾಗ ಕಿರುಬೆರಳೊಂದು ಮಡಚದೆ ಮೇಲೆ ನಿಂತಿತ್ತು.

ಹುಲಿಗೆಮ್ಮ ಎದ್ದು ನಿಂತದ್ದು ಅವಳಿಗೇ ಗೊತ್ತಾಗಲಿಲ್ಲ.

“ಯಾಕವ್ವಾ?” ಎಂದರು ಮೇಡಂ.

“ಏನಿಲ್ರಿ ಮೇಡಂ.” ಕೂತಳು. ಹೇಳಿದರೆ ಅತ್ತುಬಿಡುತ್ತಿದ್ದಳು.

ಕೊನೆಯಲ್ಲಿ ಹೆಸರುಗಳು ಮೇಲೇರಿದವು. ಟಾಂಗಾದ ಕುದುರೆ ಕೊಟ್ಟವನ ಹೆಸರಿತ್ತು. ಮುದಕಮ್ಮ ಎಂಬ ಹೆಸರಿರಲಿಲ್ಲ. ಮನೆಯ ದಾರಿ ಹಿಡಿಯುವಾಗ ಅವಳ ಬರಹದ ಮೊದಲ ಸಾಲು ತಾನಾಗಿಯೇ ಬಂದಿತ್ತು: ‘ಪುಸ್ತಕದಲ್ಲಿ ರೊಟ್ಟಿ ತನ್ನಷ್ಟಕ್ಕೆ ಆಗುತ್ತದೆ, ಸಿನಿಮಾದಲ್ಲಿ ಅದನ್ನು ಯಾರಾದರೂ ಬಡಿಯಲೇಬೇಕಾಯಿತು.’

ಮರುದಿನ ಭಾನುವಾರ. ಕರೆಂಟು ಹೋಗಿ ಗಿರಣಿ ನಿಂತಿತ್ತು, ಅಪ್ಪ ಮನೆಯಲ್ಲೇ ಇದ್ದ. ಜರೀನಾ ತನ್ನ ಮೊಬೈಲಿನಲ್ಲಿ ಆ ಸಿನಿಮಾ ಹುಡುಕಿಕೊಂಡು ಬಂದಳು.

“ಯಮ್ಮಾ, ಕೈ ಬಿಡು. ಇಲ್ಲಿ ನೋಡು,” ಎಂದಳು ಹುಲಿಗೆಮ್ಮ.

“ರೊಟ್ಟಿ ಹಂಚು ಕಾದೈತೆವ್ವ.”

“ಕಾಯಲಿ.”

ಮೂರು ತಲೆಗಳು ಆ ಪುಟ್ಟ ಪರದೆಯ ಮೇಲೆ ಬಗ್ಗಿದವು. ಅಪ್ಪ ಹಿಂದಿನಿಂದ ಇಣುಕಿದ. ಕೈ ಬಂತು.

“ಇದು ಆ ನಟೀದ ಕೈ,” ಎಂದ ಅಪ್ಪ.

ಅಜ್ಜಿ ಹಿಟ್ಟು ಮೆತ್ತಿದ ಎಡಗೈಯನ್ನು ಮೊಬೈಲಿನ ಪಕ್ಕಕ್ಕೆ ತಂದು ಹಿಡಿದಳು. ಅಲ್ಲಿ ನುಣುಪು, ಇಲ್ಲಿ ಸುಕ್ಕು. ಅಲ್ಲಿ ಕಿರುಬೆರಳು ಎದ್ದು ನಿಂತಿತು. ಇಲ್ಲಿಯೂ ಅದು ನಿಂತೇ ಇತ್ತು.

ಆಮೇಲೆ ಅಪ್ಪ ಮೆತ್ತಗಿನ ದನಿಯಲ್ಲಿ ಅಂದ, “ಜರೀನಾ, ಮತ್ತೊಮ್ಮಿ ಹಾಕವಾ.”

“ಬಳಿ ನನ್ನವಲ್ಲ,” ಎಂದಳು ಅಜ್ಜಿ. ಈ ಸಲ ಅವಳು ತಡೆಯಲಿಲ್ಲ. “ನನ್ನ ಹಸರು ಬಳಿ ತಗಸಿ ಆಕಿ ಬಳಿ ಹಾಕಿದ್ರು. ಆಕಿಗೆ ರೊಟ್ಟಿ ಬಡಿಯಾಕ ಬರಲಿಲ್ಲ, ಪಾಪ. ಹಂಚು ಮುಟ್ಟಿ ಕೈ ಸುಟ್ಟಕೊಂಡ್ಳು. ನಾನ ಜೇನುತುಪ್ಪ ಹಚ್ಚಿದೆ. ಎಡಗೈ ನಡೀತೈತೇನ್ರಿ ಅಂತ ಕೇಳಿದೆ. ರೊಟ್ಟಿ ದುಂಡಗ ಬಂದ್ರ ಸಾಕಮ್ಮ ಅಂದ್ರು.” ಕಿರುಬೆರಳು ಸವರಿಕೊಂಡು ಮತ್ತೆ ಅಂದಳು, “ಹಂಗ ಯಾರೂ ಅಂದಿದ್ದಿಲ್ಲ ನನಗ.”

“ಅವತ್ತ ಇದನ್ನೆಲ್ಲಾ ಯಾಕ ಹೇಳಲಿಲ್ಲ ಯವ್ವಾ?” ಎಂದ ಅಪ್ಪ.

“ಯಾರು ಕೇಳಿದ್ರಿ? ನೀವು ಮಾರಿ ಹುಡಿಕಿದ್ರಿ. ನಾನೂ, ನನ್ನ ಮಾರಿ ಕಿತ್ತ ಒಗದಾರ ಅಂದಕೊಂಡೆ.”

ಕರೆಂಟು ಬಂದ ಮೇಲೆ ಅಪ್ಪ ಗಿರಣಿಗೆ ಹೋದ. ಜೋಳ ಹಾಕಿಸಲು ಬಂದವರಿಗೆಲ್ಲ ಅವನು ಏನು ಹೇಳಿದನೋ, ಸಂಜೆ ಪಡಸಾಲೆಯಲ್ಲಿ ಕೂರಲು ಜಾಗವಿರಲಿಲ್ಲ. ಪಕ್ಕದ ಮನೆಯ ರಾಜಾಬೀ ಕನ್ನಡಕ ಏರಿಸಿಕೊಂಡು ಮುಂದೆಯೇ ಕೂತಳು. ಜರೀನಾ ಮೊಬೈಲನ್ನು ಡಬ್ಬಿಗೆ ಆನಿಸಿಟ್ಟಳು. ಅವ್ವ ಸೆರಗು ಸಿಕ್ಕಿಸಿಕೊಂಡು ಎದ್ದಳು. ಅಷ್ಟು ಮಂದಿಗೆ ಚಹಾ ಆಗಬೇಕಲ್ಲ.

“ಅಮರವ್ವಾ, ಕುಂದ್ರು ನೀ,” ಎಂದಳು ಅಜ್ಜಿ.

“ಚಾ, ಅತ್ತಿ...”

“ಒಳಗ ಹೋದ್ರ ಕಾಣಂಗಿಲ್ಲ. ಕುಂದ್ರು. ಲಕ್ಷ್ಮಣಾ, ಚಾ ಇಡು ಹೋಗು.”

ಅಪ್ಪ ಒಮ್ಮೆ ಎಲ್ಲರ ಮುಖ ನೋಡಿದ. ರಾಜಾಬೀ ಬಾಯಿಗೆ ಸೆರಗು ಹಿಡಿದಳು. ಅಪ್ಪ ಎದ್ದು ಒಳಗೆ ಹೋದ. ಪಾತ್ರೆ ಬಿದ್ದ ಸದ್ದಾಯಿತು, ಮತ್ತೊಂದು ಬಿತ್ತು.

“ಸಕ್ಕರಿ ಡಬ್ಬಿ ಎಲ್ಲೈತಿ?” ಒಳಗಿನಿಂದ ಅವನ ದನಿ.

ಎಲ್ಲರ ಕಣ್ಣೂ ಮೊಬೈಲಿನ ಮೇಲಿತ್ತು. ಆಗಷ್ಟೇ ಕೈ ಬಂದಿತ್ತು.