ಆಫ್ ಆಗಿದ್ದ ಕ್ಯಾಮರಾ, ಹನ್ನೊಂದು ಫೋಟೊ

ಸ್ವಿಚ್ ಆಫ್ ಆಗಿರುವ ವಸ್ತು ಸುಟ್ಟುಹೋಗುತ್ತದೆಯೇ? ಹೋಗುವುದಿಲ್ಲ ಅಂತಲೇ ನಾನೂ ನಂಬಿದ್ದೆ, ಕಳೆದ ಭಾನುವಾರದವರೆಗೆ.

ಅರಸೀಕೆರೆಯ ನಮ್ಮ ಬೀದಿಯ ರಂಗಪ್ಪಜ್ಜನಿಗೆ ಮರಿಮಗ ಹುಟ್ಟಿದ್ದಾನೆ. ತೊಂಬತ್ತರ ಹತ್ತಿರದ ಜೀವ. ಮನೆಯವರು ಕನಕಾಭಿಷೇಕ ಇಟ್ಟುಕೊಂಡಿದ್ದರು. ಮಗುವಿನ ಕೈಯಿಂದ ಅಜ್ಜನ ತಲೆಯ ಮೇಲೆ ಪುಟ್ಟ ಪುಟ್ಟ ಚಿನ್ನದ ಹೂ ಸುರಿಸುವ ಶಾಸ್ತ್ರ. ‘ಸ್ಟುಡಿಯೋದವರು ಯಾಕ್ರೀ, ನನ್ನ ಡಿಜಿಟಲ್ ಕ್ಯಾಮರಾ ಇಲ್ವಾ?’ ಅಂತ ಅಜ್ಜನ ಮಗ ಶಿವಣ್ಣನಿಗೆ ಹೇಳಿದವನು ನಾನೇ. (ಜಂಬ, ಇನ್ನೇನು.) ಮೆಮೊರಿ ಕಾರ್ಡ್ ಮನೆಯಲ್ಲೇ ಮರೆತವನೂ ನಾನೇ. ಕ್ಯಾಮರಾದ ಒಳಗಿನ ಮೆಮೊರಿಯಲ್ಲಿ ಹಿಡಿಸಿದ್ದು ಹನ್ನೊಂದೇ ಫೋಟೊ.

ಮನೆಗೆ ಬಂದವನೇ ಕ್ಯಾಮರಾವನ್ನು ಕಂಪ್ಯೂಟರಿನ ಯುಎಸ್‌ಬಿ ಹಬ್‌ಗೆ, ಅಂದರೆ ನಾಲ್ಕಾರು ವೈರ್ ಸಿಕ್ಕಿಸುವ ಡಬ್ಬಿಗೆ, ಸಿಕ್ಕಿಸಿದೆ. ಹಬ್‌ನ ಅಡಾಪ್ಟರ್ ಕಾಣಲಿಲ್ಲ. ಮೋಡೆಮ್‌ನದು ಕೈಗೆ ಸಿಕ್ಕಿತು, ಪಿನ್ ಸರಿಯಾಗಿ ಕೂತಿತು. ಕೂತ ಮೇಲೆ ಮತ್ತೇನು ನೋಡುವುದು? ಹಬ್‌ಗೆ ಬೇಕಿದ್ದದ್ದು ಐದು ವೋಲ್ಟ್, ನಾನು ಕೊಟ್ಟದ್ದು ಹನ್ನೆರಡು. ಕಂಪ್ಯೂಟರ್ ಆಫ್, ಕ್ಯಾಮರಾನೂ ಆಫ್. ಆದರೂ ಸುಟ್ಟ ವಾಸನೆ ಬಂತು. ಆಮೇಲೆ ಎಷ್ಟು ಒತ್ತಿದರೂ ಕ್ಯಾಮರಾ ಆನ್ ಆಗಲಿಲ್ಲ.

‘ಆಫ್ ಆಗಿತ್ತು ಕಣೇ’ ಅಂದೆ ಹೆಂಡತಿಗೆ.

‘ಗುಡುಗು ಬಂದ್ರೆ ಆಫ್ ಆಗಿರೋ ಟೀವಿ ವೈರೂ ಕೀಳ್ತೀರಲ್ಲ, ಅದ್ಯಾಕೆ?’ ಅಂದಳು.

ಎರಡು ದಿನ ಅಜ್ಜನ ಮನೆ ಮುಂದೆ ಸುಳಿಯಲಿಲ್ಲ, ಹಿಂದಿನ ಗಲ್ಲಿಯಲ್ಲೇ ಓಡಾಡಿದೆ. ಏನಂತ ಹೇಳಲಿ? ಇನ್ನೊಂದು ಕನಕಾಭಿಷೇಕ ಮಾಡಿ ಅನ್ನಲೇ? ನಾಚಿಕೆಗೆ ಊಟವೂ ಸೇರಲಿಲ್ಲ.

ಮೂರನೆಯ ದಿನ ಸ್ಟೇಷನ್ ರಸ್ತೆಯ ರಿಪೇರಿ ಅಂಗಡಿಗೆ ಹೋದೆ. ಅಲ್ಲಿನ ಮಂಜಣ್ಣ ಕ್ಯಾಮರಾ ಬಿಚ್ಚಿ, ಭೂತಗನ್ನಡಿ ಹಿಡಿದು ಬಗ್ಗಿದರು.

‘ಕರೆಂಟ್ ಇದ್ದಾಗ ಕ್ಯಾಮರಾ ಒಳಗಿನ ಚಿಪ್ಪು ಐದು ವೋಲ್ಟ್ ತಡ್ಕೊಳತ್ತೆ ಸಾರ್. ಆಫ್ ಆಗಿದ್ದಾಗ ಅದರ ಪಿನ್ನಿಗೆ ಅಷ್ಟು ತ್ರಾಣನೂ ಇರಲ್ಲ. ನೀವು ಹನ್ನೆರಡು ಬಿಟ್ಟಿದೀರಾ.’

ನಾನೂ ಭೂತಗನ್ನಡಿಯ ಹತ್ತಿರ ಬಗ್ಗಿದೆ.

‘ಅದಕ್ಕೇ ವೈರ್ ಸಿಕ್ಕಿಸೋ ಕಡೆ, ತಾನು ಸುಟ್ಕೊಂಡು ಚಿಪ್ಪು ಕಾಯೋ ಒಂದು ಸಣ್ಣ ಪಾರ್ಟ್ ಕೂರಿಸಿರ್ತಾರೆ. ಸುಟ್ಟಿರೋದು ಅದೊಂದೇ. ಚಿಪ್ಪು ಉಳ್ಕೊಂಡೈತೆ.’

ಆ ಪಾರ್ಟ್ ಬದಲಾಯಿಸಿ, ತಮ್ಮ ಕಂಪ್ಯೂಟರಿಗೆ ಸಿಕ್ಕಿಸಿದರು. ಒಂದೊಂದಾಗಿ ಹನ್ನೊಂದೂ ಬಂದವು. ಏಳನೆಯದರಲ್ಲಿ ಅಜ್ಜ ಬೊಚ್ಚುಬಾಯಿ ತೆರೆದು ನಗುತ್ತಿದ್ದರು. ಅಬ್ಬ, ಹೋದ ಜೀವ ಬಂದಂತಾಯಿತು. ಎಳ್ಳುಕಾಳಿನಷ್ಟು ಪಾರ್ಟಿಗೆ ಮನಸ್ಸಿನಲ್ಲೇ ಕೈಮುಗಿದೆ.

ಅವತ್ತೇ ಪ್ರಿಂಟ್ ಹಾಕಿಸಿ ಅಜ್ಜನ ಮನೆಗೆ ಹೋದೆ. ತಪ್ಪನ್ನೂ ಒಪ್ಪಿಕೊಂಡೆ. ಜಗಲಿಯ ಮೇಲಿದ್ದ ಅಜ್ಜ ಫೋಟೊಗಳನ್ನು ನೋಡದೆಯೇ ಪಕ್ಕಕ್ಕಿಟ್ಟು, ನನ್ನ ಕೈ ಹಿಡಿದು ಕೂರಿಸಿದರು.

‘ಸುಟ್ಟೋಗಿದ್ರೂ ಏನಾಯ್ತಿತ್ತು ಬುಡಪ್ಪ. ನಾನೇ ಇಲ್ಲಿ ಕೂತಿವ್ನಲ್ಲ. ಎರಡು ದಿವ್ಸದಿಂದ ಈ ಕಡೆ ಯಾಕೆ ತಲೆ ಹಾಕ್ಲಿಲ್ಲ?’

ಫೋಟೊ ಹೋಯಿತಲ್ಲ ಎಂಬ ಗಾಬರಿಯಲ್ಲಿ, ಫೋಟೊದಲ್ಲಿರುವವರಿಂದಲೇ ತಪ್ಪಿಸಿಕೊಂಡು ತಿರುಗಿದವನಿಗೆ ಏನನ್ನಬೇಕು?